ಅರ್ಜಿಯಲ್ಲಿ ನಾಲ್ಕನೆಯವರು

ನನ್ನ ಹತ್ತಿರ ಒಂದು ಹಳೆಯ ಡೈರಿ ಇದೆ. ರಬಾಳೆಯ ಕಾರ್ಖಾನೆಯವರು ಹೊಸ ವರ್ಷಕ್ಕೆ ಕೊಟ್ಟದ್ದು. ರಟ್ಟಿನ ಮೇಲೆ ನೀರೆತ್ತುವ ಪಂಪಿನ ಚಿತ್ರ. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಆ ವರ್ಷ ನನಗೆ ಇಪ್ಪತ್ತಮೂರು. ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಹಾಜರಿ ಬರೆಯುವ ಕೆಲಸ. ಬಂದವರು, ಬಾರದವರು, ತಡವಾಗಿ ಬಂದವರು ಎಂದು ದಿನವಿಡೀ ಗುರುತು ಹಾಕಿ ಹಾಕಿ, ಮನೆಗೆ ಬಂದ ಮೇಲೂ ಎಣಿಸುವ ಚಟ ಬಿಡುತ್ತಿರಲಿಲ್ಲ. ಡೋಂಬಿವಲಿಯಿಂದ ಠಾಣೆಗೆ ಲೋಕಲ್ ಎಷ್ಟು ನಿಮಿಷ ತಡ, ಠಾಣೆಯಲ್ಲಿ ಬೇಲಾಪುರ ರಸ್ತೆಯ ಬಸ್ಸಿಗೆ ಎಷ್ಟು ಹೊತ್ತು ಕ್ಯೂ, ವಾರದಲ್ಲಿ ಎಷ್ಟು ದಿನ ಕೂರಲು ಜಾಗ ಸಿಕ್ಕಿತು, ಎಲ್ಲ ಅದರಲ್ಲಿದೆ. ತಿಂಗಳ ಮೂರು ದಿನಗಳಿಗೂ ಗುರುತಿದೆ: ತುಂಬಿದ ಕಪ್ಪು ಚುಕ್ಕೆ. ಒಂದು ಕಡೆ ಮಾತ್ರ ಚುಕ್ಕೆಯ ಬದಲು ಮೂರು ಖಾಲಿ ಸೊನ್ನೆಗಳಿವೆ. ಆ ಸೊನ್ನೆಗಳಿಂದಾಗಿ ನಮಗೆ ಮನೆ ತಪ್ಪಿಹೋಗುವುದರಲ್ಲಿತ್ತು.

ಆಗ ಮನೆಯಲ್ಲಿ ನಾವು ಮೂವರು. ನನ್ನ ಗಂಡ ವಿಠ್ಠಲವಾಡಿಯ ಒಂದು ವರ್ಕ್‌ಶಾಪಿನಲ್ಲಿ ಸ್ಟೋರ್‌ಕೀಪರ್. ಅತ್ತೆ ಧಾರವಾಡದ ಕಡೆಯವರು, ಮಗನ ಹಿಂದೆ ಬಂದು ಡೋಂಬಿವಲಿಯ ಚಾಳಿನ ಒಂದು ಖೋಲಿಯಲ್ಲಿ ಒಲೆ ಹೂಡಿದವರು. ಖೋಲಿ ಉದ್ದ ಹನ್ನೊಂದು ಅಡಿ, ಅಗಲ ಹತ್ತು. ನಾನೇ ಟೇಪು ಹಿಡಿದು ಅಳೆದಿದ್ದೆ. ಬಚ್ಚಲ ಮೋರಿ, ಸ್ಟೋವು, ದೇವರ ಗೂಡು, ಕಬ್ಬಿಣದ ಮಂಚ, ಎಲ್ಲ ಅದರೊಳಗೇ. ಸಂಜೆಯಾದರೆ ಅತ್ತೆಯ ಹಳೆಯ ಇಳಕಲ್ ಸೀರೆಯನ್ನು ನಡುವೆ ಹಗ್ಗಕ್ಕೆ ಇಳಿಬಿಟ್ಟರೆ ಅದೇ ಗೋಡೆ. ಗೋಡೆಯ ಆ ಕಡೆ ಅತ್ತೆ ಕೆಮ್ಮಿದರೆ ಈ ಕಡೆ ನಾವು ಮಾತು ನಿಲ್ಲಿಸುತ್ತಿದ್ದೆವು.

ಹಿಂದಿನ ವರ್ಷ ನಾನೊಮ್ಮೆ ಬಸುರಾಗಿದ್ದೆ. ಸುದ್ದಿ ಕೇಳಿದ ದಿನವೇ ಅತ್ತೆ ಚಾಳಿಗೆಲ್ಲ ಪೇಢೆ ಹಂಚಿಬಂದರು. ಕೊನೆಯ ಮುಟ್ಟಿನಿಂದ ಎಣಿಸಿದರೆ ಐವತ್ತೆಂಟನೆಯ ದಿನ ಅದು ಹೋಯಿತು. ಮಲಗಿರಬೇಕು ಎಂದು ಡಾಕ್ಟರರು ಹೇಳಿದ್ದರು. ಆ ಖೋಲಿಯಲ್ಲಿ ಹಗಲು ಮಲಗುವುದೆಂದರೆ ವರಾಂಡದಲ್ಲಿ ಹೋಗಿಬರುವವರೆಲ್ಲ ಬಾಗಿಲಲ್ಲಿ ನಿಂತು "ಈಗ ಹೇಗಿದೆ?" ಎಂದು ಕೇಳುವುದು. ಪೇಢೆ ತಿಂದವರಿಗೆಲ್ಲ ಉತ್ತರ ಹೇಳಬೇಕಿತ್ತು. ನನಗಿಂತ ಅತ್ತೆ ಹೆಚ್ಚು ಬಾಡಿಹೋದರು. "ನನ್ನ ಬಾಯಿಂದಲೇ ಆತು. ಮೂರು ತಿಂಗಳು ಮುಗಿಯೂತನಕ ಹೇಳಬಾರದಿತ್ತು," ಎಂದು ತಿಂಗಳುಗಟ್ಟಲೆ ತಮ್ಮನ್ನೇ ಬೈದುಕೊಂಡರು.

ಆದ್ದರಿಂದ ಎರಡನೆಯ ಸಲ ಮೂವತ್ತೊಂದನೆಯ ದಿನ ದಾಟಿದಾಗ ಗಂಡನಿಗೊಬ್ಬನಿಗೆ ಹೇಳಿದೆ. ಮೂರು ತಿಂಗಳು ತುಂಬುವವರೆಗೆ ಅತ್ತೆಗೂ ಹೇಳುವುದಿಲ್ಲವೆಂದು ತೀರ್ಮಾನಿಸಿದೆವು. ಮತ್ತೊಮ್ಮೆ ಹೋದರೆ ಅವರು ತಡೆದುಕೊಳ್ಳುವುದಿಲ್ಲ ಎಂಬುದು ಒಂದು ಕಾರಣ. ಅವರು ತಡೆದುಕೊಂಡರೂ ಅವರ ಬಾಯಿ ತಡೆಯುವುದಿಲ್ಲ ಎಂಬುದು ಇನ್ನೊಂದು.

ಆದರೆ ಆ ಮನೆಯಲ್ಲಿ ಇಂಥದನ್ನು ಮುಚ್ಚಿಡುವುದು ಹೇಗೆ? ಅತ್ತೆ ಮಡಿಯವರು. ತಿಂಗಳ ಮೂರು ದಿನ ನಾನು ಬಾಗಿಲ ಪಕ್ಕದ ಚಾಪೆಯ ಮೇಲೆ ಬೇರೆ ಕೂರಬೇಕು. ನನ್ನ ತಟ್ಟೆ, ನನ್ನ ಲೋಟ, ನನ್ನ ಹೊದಿಕೆ ಬೇರೆ. ಬೆಳಿಗ್ಗೆ ಲೇಡೀಸ್ ಡಬ್ಬಿಯಲ್ಲಿ ನೂರು ಹೆಂಗಸರ ನಡುವೆ ನುಗ್ಗಿಕೊಂಡು ಹೋಗಿ, ಸಂಜೆ ಬಂದು ಚಾಪೆಯ ಮೇಲೆ ಒಬ್ಬಳೇ ಕೂರುವುದು ಎಂಥ ಲೆಕ್ಕ ಎಂದು ನಾನೊಮ್ಮೆ ಕೇಳಿದ್ದೆ. "ಗಾಡ್ಯಾಗ ಯಾರಿಗೂ ಗೊತ್ತಿರೂದಿಲ್ಲ, ಮನ್ಯಾಗ ನನಗ ಗೊತ್ತಿರ್ತದ," ಎಂದಿದ್ದರು. ನೈವೇದ್ಯದ ದಿನಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಲು ಗೋಡೆಯ ಮರಾಠಿ ಕ್ಯಾಲೆಂಡರಿನಲ್ಲಿ ನನ್ನ ಮೂರು ದಿನಗಳಿಗೆ ಕುಂಕುಮದ ಬೊಟ್ಟು ಇಡುತ್ತಿದ್ದರು. ಆ ತಿಂಗಳು ಬೊಟ್ಟು ಬಿದ್ದಿರಲಿಲ್ಲ. ಮೂವತ್ತನೆಯ ದಿನದಿಂದಲೇ ಅವರ ಕಣ್ಣು ಕ್ಯಾಲೆಂಡರಿನಿಂದ ನನಗೆ, ನನ್ನಿಂದ ಕ್ಯಾಲೆಂಡರಿಗೆ ಓಡಾಡುತ್ತಿತ್ತು.

ಮೂವತ್ತೆರಡನೆಯ ದಿನ, ಮಂಗಳವಾರ ಸಂಜೆ, ಚಪ್ಪಲಿ ಬಿಟ್ಟು ಒಳಗೆ ಬರದೆ ಬಾಗಿಲಲ್ಲೇ ನಿಂತೆ. "ಅತ್ತೀ, ಚಾಪಿ ಕೊಡ್ರಿ," ಎಂದೆ.

ಅವರು ಚಾಪೆ ಉರುಳಿಸಿದರು. ಮುಖದಲ್ಲಿ ಏನೋ ಆರಿದಂತಾಯಿತು. ಅದನ್ನು ನೋಡಿ ಆಗಲೇ ಹೇಳಿಬಿಡಬೇಕೆನಿಸಿತ್ತು.

ಆ ಮೂರು ಸಂಜೆಗಳು ಈಗಲೂ ನನಗೆ ಇಷ್ಟ. ಸುಳ್ಳಿನದೇ ಆದರೂ ವಿಶ್ರಾಂತಿ ವಿಶ್ರಾಂತಿಯೇ. ಅತ್ತೆ ದೂರದಿಂದ ಬಿಸಿ ಭಕ್ಕರಿಯನ್ನು ತಟ್ಟೆಗೆ ಜಾರಿಸುತ್ತಿದ್ದರು, ಮೇಲೆ ಶೇಂಗಾ ಚಟ್ನಿ. ಪಕ್ಕದ ಖೋಲಿಯಲ್ಲಿ ಉಡುಪಿ ಕಡೆಯ ಒಬ್ಬ ಅಕ್ಕ ಇದ್ದರು. ಗಂಡ ಹೋಟೆಲಿನ ಗಲ್ಲಾದಲ್ಲಿ, ಮನೆಯಲ್ಲಿ ತುಳು, ನಮ್ಮೊಡನೆ ಕನ್ನಡ. ಅತ್ತೆ ಪೂಜೆಯಲ್ಲಿದ್ದಾಗ ನನ್ನ ಲೋಟಕ್ಕೆ ಮೇಲಿನಿಂದ ನೀರು ಎರೆಯುವುದು ಅವರ ಕೆಲಸ. "ನಿನಗೆ ಒಳ್ಳೆಯದು ಮಾರಾಯ್ತಿ, ಮೂರು ದಿನ ರಜೆ. ನಮ್ಮವರಿಗೆ ಹೇಳಿದರೆ ಹೊರಗೆ ಕೂತೇ ಮೀನು ಹೆಚ್ಚು ಅಂತಾರೆ," ಎಂದು ನಗುತ್ತಿದ್ದರು. ಶುಕ್ರವಾರ ತಲೆಗೆ ನೀರು ಹಾಕಿಕೊಂಡು ಒಳಗಾದೆ. ಕ್ಯಾಲೆಂಡರಿನಲ್ಲಿ ಮೂರು ಬೊಟ್ಟು ಬಿತ್ತು. ಡೈರಿಯಲ್ಲಿ ಕಪ್ಪು ಚುಕ್ಕೆ ಇಡಲು ಕೈ ಬರಲಿಲ್ಲ. ಮೂರು ಸೊನ್ನೆ ಬರೆದೆ.

ನಲವತ್ತನೆಯ ದಿನ ಗಂಡ ವರ್ಕ್‌ಶಾಪಿನಿಂದ ಒಂದು ಫಾರ್ಮು ತಂದ. ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಆಚೆ ಏಳುತ್ತಿದ್ದ ಹೊಸ ಶಹರದಲ್ಲಿ ಕಡಿಮೆ ಸಂಬಳದವರಿಗೆ ಸರ್ಕಾರಿ ಮನೆಗಳು. ಫಾರ್ಮು ಮರಾಠಿಯಲ್ಲಿತ್ತು, ನಾನು ಓದಿ ಹೇಳಿದೆ. ಮೂರು ಜನರವರೆಗಿನ ಕುಟುಂಬಕ್ಕೆ ಒಂದೇ ಕೋಣೆ. ನಾಲ್ವರಿದ್ದರೆ ಕೋಣೆಯ ಜೊತೆ ಬೇರೆ ಅಡಿಗೆಮನೆ, ನಡುವೆ ಇಟ್ಟಿಗೆಯ ಗೋಡೆ, ಬಾಗಿಲು. ಒಂಬತ್ತನೆಯ ಕಾಲಮಿನ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಟಿಪ್ಪಣಿ: ಹೆಂಡತಿ ಗರ್ಭಿಣಿಯಾಗಿದ್ದು ಡಾಕ್ಟರ ಸರ್ಟಿಫಿಕೇಟ್ ಇದ್ದರೆ ಒಬ್ಬ ಸದಸ್ಯರು ಹೆಚ್ಚು ಎಂದು ಗಣಿಸಲಾಗುವುದು. ಫಾರ್ಮು ಕೊಡಲು ಕೊನೆಯ ದಿನ ನನ್ನ ಲೆಕ್ಕದಲ್ಲಿ ಐವತ್ತನೆಯ ದಿನಕ್ಕೆ ಬೀಳುತ್ತಿತ್ತು.

"ಗೋಡೆ," ಎಂದ ಗಂಡ ಮೆಲ್ಲಗೆ, ಸೀರೆಯ ಆ ಕಡೆ ನೋಡುತ್ತ. "ಖರೇ ಗೋಡೆ."

ನನಗೆ ಗೋಡೆಗಿಂತ ಬಾಗಿಲು ಬೇಕಿತ್ತು, ಮುಚ್ಚಿಕೊಂಡು ಮಲಗಲು. ಈ ಸಲವಾದರೂ ಮಗು ನಿಲ್ಲಬೇಕಾದರೆ ಅಂಥ ಒಂದು ಬಾಗಿಲು ಬೇಕೆಂದು ನನಗೆ ಆಗ ಗಟ್ಟಿಯಾಗಿ ಅನ್ನಿಸಿಬಿಟ್ಟಿತ್ತು.

ಶುಕ್ರವಾರ ಸ್ಟೇಷನ್ ಹತ್ತಿರದ ಲೇಡಿ ಡಾಕ್ಟರರ ಬಳಿ ಹೋದೆ. ಅವರು ಹೊಟ್ಟೆ ಮುಟ್ಟಿ ನೋಡಿ, "ಇಷ್ಟು ಬೇಗ ಕೈಗೆ ಏನೂ ತಿಳಿಯುವುದಿಲ್ಲ. ಕೈಗೆ ತಿಳಿಯದ್ದನ್ನು ನಾನು ಬರೆದುಕೊಡುವುದೂ ಇಲ್ಲ," ಎಂದರು. ಬೇಕೇಬೇಕೆಂದರೆ ಕಲ್ಯಾಣದ ಲ್ಯಾಬಿಗೆ ಬೆಳಗಿನ ಮೊದಲ ಮೂತ್ರ ಕೊಟ್ಟು ಪರೀಕ್ಷೆ ಮಾಡಿಸಿ ಚೀಟಿ ತರಬೇಕು. "ಏಳುತ್ತಲೇ, ಚಹಾ ಕುಡಿಯುವ ಮೊದಲು. ಬಾಟಲಿ ಕುದಿಸಿದ್ದಿರಬೇಕು."

ಬಾಟಲಿ ಕುದಿಸುವುದೇ ಒಂದು ಸಾಹಸವಾಯಿತು. ಕೆಮ್ಮಿನ ಔಷಧದ ಖಾಲಿ ಬಾಟಲಿಯನ್ನು ಭಾನುವಾರ ಅತ್ತೆ ಭಜನೆಗೆ ಹೋದಾಗ ಕುದಿಸಿ ನನ್ನ ಬ್ಯಾಗಿನಲ್ಲಿ ಅಡಗಿಸಿಟ್ಟೆ. ನಲವತ್ತೈದನೆಯ ದಿನ, ಸೋಮವಾರ, ಚಾಳಿನ ಹಿಂದಿನ ಸಂಡಾಸಿನ ಕ್ಯೂನಲ್ಲಿ ಸೆರಗಿನೊಳಗೆ ಬಾಟಲಿ ಹಿಡಿದು ನಿಂತೆ. ನನ್ನ ಮುಂದೆ ನಾಲ್ವರು. ಆಮೇಲೆ ಅದನ್ನು ರುಮಾಲಿನಲ್ಲಿ ಸುತ್ತಿ, ಊಟದ ಡಬ್ಬಿಯ ಚೀಲದಲ್ಲಿ ನೆಟ್ಟಗೆ ನಿಲ್ಲಿಸಿ, ದಿನವೂ ಹೋಗುವ ಠಾಣೆಯ ಕಡೆ ಹೋಗದೆ ಎದುರಿನ ಪ್ಲಾಟ್‌ಫಾರ್ಮಿನಿಂದ ಕಲ್ಯಾಣದ ಗಾಡಿ ಹತ್ತಿದೆ. ಎರಡೇ ಸ್ಟೇಷನ್ನು. ಪಕ್ಕದಲ್ಲಿ ಕೂತ ಹೆಂಗಸು ಚೀಲ ಮುಟ್ಟಿ, "ಕೆಳಗಿಡಿ, ಸಾರು ಚೆಲ್ಲೀತು," ಎಂದು ಹಿಂದಿಯಲ್ಲಿ ಹೇಳಿದರು. ಸಾರಲ್ಲ ಎಂದು ಹೇಳುವಂತಿರಲಿಲ್ಲ. ಆ ದಿನ ಕೆಲಸಕ್ಕೆ ಒಂದು ಗಂಟೆ ಹತ್ತು ನಿಮಿಷ ತಡ. ನನ್ನ ಹೆಸರಿನ ಮುಂದೆ ತಡದ ಗುರುತನ್ನು ನಾನೇ ಹಾಕಿಕೊಂಡೆ.

ಮಂಗಳವಾರ ಗಂಡ ಚೀಟಿ ತಂದ. ಪಾಸಿಟಿವ್. ಬುಧವಾರ ಡಾಕ್ಟರರು ನನ್ನ ಡೈರಿಯನ್ನು ನೋಡಿ, ಕೊನೆಯ ಮುಟ್ಟಿನ ತಾರೀಖು ಬರೆದು ಸಹಿ ಹಾಕಿದರು. ಕಪ್ಪು ಚುಕ್ಕೆಯ ಪುಟವನ್ನಷ್ಟೇ ತೋರಿಸಿದ್ದೆ. ಐವತ್ತಕ್ಕೆ ಒಂದು ದಿನ ಇರುವಾಗ ಗಂಡ ಠಾಣೆಯ ಹೌಸಿಂಗ್ ಆಫೀಸಿನಲ್ಲಿ ಅರ್ಜಿ ಕೊಟ್ಟು ಬಂದ. ಸದಸ್ಯರು: ನಾಲ್ಕು.

ಅರ್ಜಿ ಕೊಟ್ಟವರ ಮನೆಗೆ ತನಿಖೆಗೆ ಬರುತ್ತಾರೆಂದು ನಮಗೆ ಯಾರೂ ಹೇಳಿರಲಿಲ್ಲ.

ಐವತ್ತೇಳನೆಯ ದಿನ, ಶನಿವಾರ, ಕೆಲಸದಿಂದ ಬಂದಾಗ ಅತ್ತೆ ಅಕ್ಕಿ ಆರಿಸುತ್ತಿದ್ದರು. ಉಡುಪಿಯ ಅಕ್ಕ ಬಾಗಿಲಲ್ಲಿ ಕೂತಿದ್ದರು.

"ಒಬ್ಬಾಂವ ಬಂದಿದ್ದ," ಎಂದರು ಅತ್ತೆ, ಮೊರದಿಂದ ಕಣ್ಣೆತ್ತದೆ. "ಕೈಯಾಗ ಛತ್ರಿ, ಫೈಲು. ಮನ್ಯಾಗ ಎಷ್ಟು ಮಂದಿ ಅಂದ. ಮೂರು ಅಂದೆ. ಸೊಸಿ ಬಸರಿದ್ದಾಳೇನು ಅಂದ. ಹೋದ ವರ್ಷದ್ದು ಇವಂಗ ಯಾರು ಹೇಳಿದರೋ ಅಂದ್ಕೊಂಡೆ. ಇಲ್ಲಪ್ಪಾ, ಈ ತಿಂಗಳು ಹೊರಗ ಕೂತಾಳ, ನೋಡಿಲ್ಲೆ ಅಂತ ಕ್ಯಾಲೆಂಡರ ತೋರಿಸಿ ಕಳಿಸಿದೆ."

"ನಾನೂ ಹೇಳಿದೆ," ಎಂದರು ಅಕ್ಕ. "ನೀರು ಎರೆದದ್ದು ನಾನೇ ಅಲ್ವಾ? ಅವ ಎಲ್ಲ ಬರ್ಕೊಂಡು ಹೋದ. ಎಂತಕ್ಕೆ ಕೇಳಿದ್ದು ಅವ?"

ನಾನು ಗೋಡೆಗೆ ಒರಗಿ ಕೂತೆ. ಮನೆ ಹೋಯಿತು ಎನ್ನುವುದು ಮೊದಲು ಹೊಳೆಯಿತು. ಸುಳ್ಳು ಸರ್ಟಿಫಿಕೇಟ್ ಕೊಟ್ಟರೆಂದು ಗಂಡನ ಮೇಲೆ ಏನು ಬರುತ್ತದೋ ಎನ್ನುವುದು ಆಮೇಲೆ. ಹೇಳದೆ ಬೇರೆ ದಾರಿಯಿರಲಿಲ್ಲ. ಹೇಳಿದೆ. ತಾರೀಖು, ಚಾಪೆ, ಬಾಟಲಿ, ಚೀಟಿ, ಫಾರ್ಮು, ಒಂದೂ ಬಿಡದೆ.

ಮೊದಲು ಮಾತಾಡಿದವರು ಅಕ್ಕ. "ನೋಡು ಮಾರಾಯ್ತಿ, ನೀನು ಬಸುರಿ ಅಂತ ಸರ್ಕಾರಕ್ಕೆ ಗೊತ್ತುಂಟು, ಪಕ್ಕದ ಮನೆಯವಳಿಗೆ ಗೊತ್ತಿಲ್ಲ." ಆಮೇಲೆ ಅತ್ತೆಯ ಮುಖ ನೋಡಿ, ಏನೋ ಒಲೆಯ ಮೇಲಿದೆ ಎಂದು ಎದ್ದು ಹೋದರು.

ಅತ್ತೆ ಮೊರವನ್ನು ಪಕ್ಕಕ್ಕಿಟ್ಟರು. "ಮೂರು ದಿನ ಬಗ್ಗಿ ಬಗ್ಗಿ ನಿನಗ ಭಕ್ಕರಿ ನೀಡೇನಿ," ಎಂದರು. ಸೆರಗಿಗೆ ಕೈ ಒರೆಸಿಕೊಂಡು, "ನನ್ನ ಬಾಯಿಗೆ ಇಷ್ಟು ಅಂಜಿದ್ಯಾ?" ಎಂದರು.

"ಬಾಯಿಗೆ ಅಲ್ಲ ಅತ್ತೀ. ಮತ್ತ ಹೋದರ ನೀವು..."

"ಹೋಗೂ ಮಾತು ಆಡಬ್ಯಾಡ. ಇವತ್ತು ಎಷ್ಟನೇ ದಿನ?"

"ಐವತ್ತೇಳು."

ಅವರಿಗೂ ಹಿಂದಿನ ವರ್ಷದ ಆ ಐವತ್ತೆಂಟನೆಯ ದಿನ ನೆನಪಿತ್ತೆಂದು ಆಗ ತಿಳಿಯಿತು. ಮರುದಿನ ಭಾನುವಾರ ನನ್ನನ್ನು ಮಂಚದಿಂದ ಇಳಿಯಗೊಡಲಿಲ್ಲ. ವರಾಂಡದಲ್ಲಿ ಹೋಗುವವರಿಗೆ ಕಾಣದಂತೆ ಇಳಕಲ್ ಸೀರೆಯನ್ನು ಹಗಲಲ್ಲೇ ಕಟ್ಟಿದರು. ಮಾತಾಡಲಿಲ್ಲ, ಎರಡು ಗಂಟೆಗೊಮ್ಮೆ ಬಂದು ನೋಡಿಹೋದರು. ಸಿಟ್ಟು ಎಷ್ಟು, ಅಂಜಿಕೆ ಎಷ್ಟು ಎಂದು ಬೇರೆ ಮಾಡಲು ನನಗಾಗಲಿಲ್ಲ. ಡೈರಿಯಲ್ಲಿ ಆ ಪುಟದಲ್ಲಿ ಎರಡೇ ಶಬ್ದ: "ಏನೂ ಆಗಲಿಲ್ಲ."

ಸೋಮವಾರ ರಜೆ ಹಾಕಿ ಮೂವರೂ ಠಾಣೆಗೆ ಹೋದೆವು. ಆಫೀಸೆಂದರೆ ಉದ್ದನೆಯ ಹಾಲು, ಹನ್ನೆರಡು ಮೇಜು, ಎಲ್ಲ ಗಂಡಸರು. ನಮ್ಮ ಫೈಲಿದ್ದ ಮೇಜಿನವರಿಗೆ ಐವತ್ತರ ವಯಸ್ಸು, ಮೂಗಿನ ತುದಿಯಲ್ಲಿ ಕನ್ನಡಕ. ಫೈಲು ತೆಗೆದರು. ನಾಲ್ಕರ ಮೇಲೆ ಕೆಂಪು ಗೀಟು ಹೊಡೆದು ಮೂರು ಎಂದು ಬರೆದಾಗಿತ್ತು. ಪಕ್ಕದಲ್ಲಿ ಪ್ರಶ್ನೆಯ ಗುರುತು.

"ಡಾಕ್ಟರ್ ಹೋ ಮ್ಹಣತಾತ, ಸಾಸೂಬಾಯಿ ನಾಹಿ ಮ್ಹಣತಾತ. ಮೀ ಕೋಣಾಚಂ ಐಕೂ?" ಎಂದರು. ಡಾಕ್ಟರು ಹೌದೆನ್ನುತ್ತಾರೆ, ಅತ್ತೆ ಇಲ್ಲವೆನ್ನುತ್ತಾರೆ, ತಾನು ಯಾರ ಮಾತು ಕೇಳಬೇಕು?

ಗಂಡ ಲ್ಯಾಬಿನ ಚೀಟಿ ತೋರಿಸಿದ. ಚೀಟಿಯ ಮೇಲೆ ಹೆಸರಿದೆ, ಮೂತ್ರ ಯಾರದ್ದು ಎಂದು ಯಾರು ಕಂಡಿದ್ದಾರೆ ಎಂದು ಅವರು ಕೇಳಿದರು. ಪಕ್ಕದ ಮೇಜಿನವನು ನಕ್ಕ. ಇಂಥ ಚೀಟಿಗಳು ಆ ವಾರ ಬಹಳ ಬಂದಿದ್ದವಂತೆ. ತನಿಖೆಯಲ್ಲಿ ಹೇಳಿಕೆ ಕೊಟ್ಟವರೇ ಬಂದು, ಆ ಹೇಳಿಕೆ ಯಾಕೆ ತಪ್ಪು ಎಂದು ಕಾರಣ ಸಮೇತ ಬರೆದುಕೊಟ್ಟರೆ ಮಾತ್ರ ನೋಡಬಹುದು ಎಂದರು.

ಕಾರಣ ನನ್ನದು. ಆ ಹನ್ನೆರಡು ಮೇಜುಗಳ ಮುಂದೆ, ನಾನು ಮುಟ್ಟಾಗದೆಯೇ ಮುಟ್ಟಾದಂತೆ ನಟಿಸಿದೆ ಎಂದು ಹೇಳಲು ಮಾತು ಹುಡುಕುತ್ತಿದ್ದೆ. ಹೇಳಿದರೂ ನಂಬುವವರು ಯಾರು? ಒಮ್ಮೆ ನಟಿಸಿದವಳು ಇನ್ನೊಮ್ಮೆ ನಟಿಸಬಾರದೆಂದೇನಿದೆ?

ಅತ್ತೆ ಸೆರಗು ಹೊದ್ದುಕೊಂಡು ಮುಂದೆ ಬಂದರು. ಅರ್ಧ ಮರಾಠಿ, ಅರ್ಧ ಕನ್ನಡ.

"ನನಗ ಮೊದಲಿಂದ ಗೊತ್ತಿತ್ತು," ಎಂದರು. "ನಮ್ಮೊಳಗ ಮೂರು ತಿಂಗಳು ಯಾರ ಮುಂದೂ ಹೇಳೂದಿಲ್ಲ. ಹೋದ ಸಲ ಹೇಳಿ ಕೆಟ್ಟೇವಿ. ನಿಮ್ಮ ಮನುಷ್ಯಾ ಬಂದು ಬಾಗಿಲದಾಗ ನಿಂತು, ನಾಲ್ಕು ಮಂದಿ ಕೇಳೂಹಂಗ ಕೇಳಿದ. ಇಲ್ಲ ಅಂದೆ."

"ಮತ್ತೆ ಕ್ಯಾಲೆಂಡರಿನ ಬೊಟ್ಟು?"

"ಅದೂ ನಾನೇ ಇಟ್ಟೇನಿ. ಆಕೀಗೆ ಹೊರಗ ಕೂಡು ಅಂತ ಹೇಳಿದಾಕೀನೂ ನಾನೇ. ಓಣಿ ಮಂದಿ ಎಣಸ್ತಿರ್ತಾರಲ್ಲ, ಅವರಿಗೆ ತೋರಿಸಲಿಕ್ಕೆ."

ನಾನು ಅವರ ಮುಖ ನೋಡಿದೆ. ಅವರು ನನ್ನ ಕಡೆ ತಿರುಗಲಿಲ್ಲ. ಆ ಹೆಂಗಸು ತಮ್ಮ ಜೀವಮಾನದಲ್ಲಿ ಏಕಾದಶಿಯ ದಿನ ಮರೆತು ಒಂದು ಅಗುಳು ಬಾಯಿಗೆ ಹಾಕಿಕೊಂಡದ್ದಕ್ಕೂ ದೇವರ ಮುಂದೆ ತಪ್ಪೊಪ್ಪಿಕೊಂಡವರು. ಸರ್ಕಾರದ ಮೇಜಿನ ಮುಂದೆ ಒಂದೂ ತೊದಲದೆ ನನ್ನ ಸುಳ್ಳನ್ನು ತಮ್ಮದು ಮಾಡಿಕೊಂಡರು.

ಮೇಜಿನವರು ಕನ್ನಡಕ ತೆಗೆದು ಒರೆಸಿದರು. "ಆಮಚ್ಯಾಕಡೇ ಪಣ ತಸಂಚ," ಎಂದರು. ನಮ್ಮ ಕಡೆಯೂ ಹಾಗೇ. ಅವರ ಸೊಸೆ ಬಸುರಾದದ್ದನ್ನೂ ಮಗುವಿಗೆ ಹೆಸರಿಡುವ ಬಾರಸೆಯ ದಿನ ಹತ್ತಿರ ಬರುವವರೆಗೆ ಅವರಿಗೇ ಯಾರೂ ಏನೂ ಹೇಳಿರಲಿಲ್ಲ ಎಂದು ಪಕ್ಕದವನು ಕೂಗಿ ಹೇಳಿದ. ಹಾಲಿನಲ್ಲಿ ನಗೆ ಎದ್ದಿತು. ಮೇಜಿನವರು ಹೇಳಿಕೆಯನ್ನು ತಾವೇ ಮರಾಠಿಯಲ್ಲಿ ಬರೆದು, ಓದಿ ಹೇಳಿದರು. ಅತ್ತೆ ಕನ್ನಡದಲ್ಲಿ ಸಹಿ ಮಾಡಿದರು, ಒಂದೊಂದೇ ಅಕ್ಷರ ಕೂಡಿಸಿ. ಕೆಂಪು ಮೂರು ಹೋಗಿ ಮತ್ತೆ ನಾಲ್ಕು ಬಂತು.

ಸದಸ್ಯರ ಪಟ್ಟಿಯಲ್ಲಿ ನಾಲ್ಕನೆಯ ಸಾಲು ಖಾಲಿಯಿತ್ತು. ಹೆಸರಿನ ಜಾಗದಲ್ಲಿ ಅವರು ಗೀಟು ಎಳೆಯಲು ಹೋದಾಗ ಅತ್ತೆ ಕೈ ಅಡ್ಡ ಇಟ್ಟರು. "ಗೀಟು ಎಳಿಬ್ಯಾಡ್ರಿ."

ಮೇಜಿನವರಿಗೆ ಕನ್ನಡ ಬರದಿದ್ದರೂ ಅರ್ಥವಾಯಿತು. ಸ್ವಲ್ಪ ಯೋಚಿಸಿ, "ಯೇಣಾರ" ಎಂದು ಬರೆದರು. ಬರಲಿದ್ದಾರೆ.

ವಾಪಸು ಬರುವಾಗ ಲೇಡೀಸ್ ಡಬ್ಬಿಯಲ್ಲಿ ಜಾಗವಿರಲಿಲ್ಲ. ಅತ್ತೆ ಬಟಾಣಿ ಸುಲಿಯುತ್ತಿದ್ದ ಒಬ್ಬ ಹುಡುಗಿಯ ಭುಜ ಮುಟ್ಟಿ, ಇಡೀ ಡಬ್ಬಿಗೆ ಕೇಳುವಂತೆ, "ಉಠ ಗ ಬಾಯೀ, ಏಳವಾ, ಈಕಿ ಬಸರಿ," ಎಂದರು. ಇನ್ನೂ ಐವತ್ತೊಂಬತ್ತನೆಯ ದಿನ ಎಂದು ಅವರ ಕಿವಿಯಲ್ಲಿ ಹೇಳಿದೆ. "ಗಾಡ್ಯಾಗಿನ ಮಂದಿಗೆ ಹೇಳಿದರ ನಡೀತದ," ಎಂದರು. ಆಫೀಸಿನಲ್ಲಿ ಹೇಳಿದ್ದರ ಬಗ್ಗೆ ನಾನು ಕೇಳಲಿಲ್ಲ, ಅವರೂ ಎತ್ತಲಿಲ್ಲ. ಕಲ್ವಾ ಖಾಡಿ ದಾಟುವಾಗ ಮಾತ್ರ, ಕಿಟಕಿಯ ಹೊರಗೆ ನೋಡುತ್ತ, "ಮುಂದ ಏನಿದ್ದರೂ ಮೊದಲು ನನಗ ಹೇಳು," ಎಂದರು. "ನಾ ಹಂಚೂದಿಲ್ಲ."

ಹೆಸರುಗಳ ಪಟ್ಟಿ ಐದು ತಿಂಗಳ ಮೇಲೆ ಬಂತು. ಬೀಗದ ಕೈ ಕೊಡುವ ದಿನ ತುರ್ಭೆಯ ಬಸ್ಸಿಳಿದು, ಹೊಸ ಸುಣ್ಣದ ವಾಸನೆಯ ಸಾಲುಮನೆಗಳ ನಡುವೆ ನಡೆದೆವು. ಗಿಡವಿಲ್ಲ, ಅಂಗಡಿಯಿಲ್ಲ, ಎಲ್ಲೆಲ್ಲೂ ಕೆಂಪು ಮಣ್ಣು. ಈಗ ಅದೇ ಮಣ್ಣಿನಲ್ಲಿ ಬೆಳೆದ ಮಗಳು ನಾನು ಕನ್ನಡದಲ್ಲಿ ಕರೆದರೆ ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ. ಆ ದಿನ ಅವಳು ನನ್ನೊಳಗಿದ್ದಳು, ನನಗೆ ಎಂಟು ತಿಂಗಳು. ಮೆಟ್ಟಿಲ ಹತ್ತಿರ ಮೇಜು ಹಾಕಿಕೊಂಡಿದ್ದ ಗುಮಾಸ್ತ ನಮ್ಮ ಕಾಗದ ಬಿಡಿಸಿದ. ಸರ್ಟಿಫಿಕೇಟಿನ ಪುಟವನ್ನು ತಿರುವಿ ಕೂಡ ನೋಡಲಿಲ್ಲ. ಪೆನ್ಸಿಲಿನಿಂದ ಗಂಡನನ್ನು, ಅತ್ತೆಯನ್ನು, ನನ್ನನ್ನು ತೋರಿಸಿ, ಕೊನೆಗೆ ನನ್ನ ಹೊಟ್ಟೆಯ ಕಡೆ ಪೆನ್ಸಿಲು ತಂದು, "ಚಾರ," ಎಂದು ಗುರುತು ಹಾಕಿದ.

"ಸಾಕು, ಎಣಿಸಬ್ಯಾಡ," ಎಂದು ಅತ್ತೆ ಕನ್ನಡದಲ್ಲೇ ಗದರಿ, ಸೆರಗಿನಿಂದ ನನ್ನ ಹೊಟ್ಟೆ ಮರೆ ಮಾಡಿ, ಅವನ ಕೈಯಿಂದ ಬೀಗದ ಕೈ ತೆಗೆದುಕೊಂಡು ಮುಂದೆ ನಡೆದರು.